ಕಡ್ಡಿಯಕ್ಕನೂ ನನ್ನ ಅಳತೆ ಪುಸ್ತಕವೂ

ನನ್ನ ಅಕ್ಕನಿಗೆ ನಮ್ಮ ಬೀದಿಯವರು ಇಟ್ಟ ಹೆಸರು ಕಡ್ಡಿಯಕ್ಕ. ರೋಗ ಬಂದ ವರ್ಷ ಜನರ ಮೂಗಿಗೂ ಗಂಟಲಿಗೂ ಹತ್ತಿ ಸುತ್ತಿದ ಕಡ್ಡಿ ಹಾಕಿ ಸ್ಯಾಂಪಲ್ ತೆಗೆಯುವುದು ಅವಳ ಕೆಲಸವಾಗಿತ್ತು, ಹೆಸರು ಬಂದದ್ದು ಅದರಿಂದ. ಆದರೆ ಕಡ್ಡಿ ಕೈಗೆ ಬರುವ ಮೊದಲೇ ಆ ಹೆಸರು ಅವಳಿಗೆ ಒಪ್ಪುತ್ತಿತ್ತು. ಏನು ಹೇಳಿದರೂ ಕಡ್ಡಿ ತುಂಡು ಮಾಡಿದ ಹಾಗೆ ಹೇಳುವವಳು. 'ನಿನ್ನ ತಲೆಗೆ ಓದು ಹತ್ತಲ್ಲ ಕಣೋ, ಹೊಲಿಗೆ ಕಲಿ' ಎಂದು ನನಗೆ ಹದಿನಾರು ತುಂಬಿದಾಗ ಹೇಳಿದವಳು ಅವಳೇ. ಅಮ್ಮ ಅತ್ತಳು, ನಾನು ಎರಡು ದಿನ ಊಟ ಬಿಟ್ಟೆ, ಮೂರನೇ ದಿನ ಹೊಲಿಗೆ ಕಲಿಯಲು ಹೋದೆ. ಅವಳು ಹೇಳಿದ್ದು ಸರಿಯಾಗಿತ್ತು. ಅವಳು ಹೇಳಿದ್ದು ಯಾವಾಗಲೂ ಸರಿಯಾಗಿಯೇ ಇರುತ್ತಿತ್ತು, ನನ್ನ ಗ್ರಹಚಾರ ಅದೇ.

ಬೀದಿಯಲ್ಲಿ ಈಗ ಅವಳ ಬಗ್ಗೆ ಎರಡು ಮಾತಿವೆ. ಒಂದು, ಅವಳು ಮೊದಲಿನಿಂದಲೂ ಮೋಸಗಾತಿ. ಇನ್ನೊಂದು, ಅವಳು ಪಾಪದವಳು, ಮೇಲಿನವರು ಮಾಡಿಸಿ ಇವಳ ತಲೆಗೆ ಕಟ್ಟಿದರು. ಎರಡನ್ನೂ ಕೇಳಿದಾಗ ನನಗೆ ಕತ್ತರಿ ಎತ್ತಿಕೊಂಡು ಹೋಗಬೇಕೆನ್ನಿಸುತ್ತದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಬರೆಯುವಾಗಲೂ ಅದನ್ನು ಕೆಳಗಿಡಲು ಆಗುವುದಿಲ್ಲ, ಓದುವವರು ಸಹಿಸಿಕೊಳ್ಳಬೇಕು. ಮೋಸಗಾತಿಯಾಗಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಮೋಸಗಾರರನ್ನು ಯಾರು ಅಷ್ಟು ನಂಬುತ್ತಾರೆ?

ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಹಿಂದೆ ಎರಡು ಕೋಣೆ, ಅಡುಗೆಮನೆ. ಇರುವವರು ಮೂವರು: ಅಮ್ಮ, ಅಕ್ಕ, ನಾನು. ನನ್ನ ಮದುವೆ ಆಗಿ ಮುರಿದದ್ದು. ಅಕ್ಕನದು ಆಗಲೇ ಇಲ್ಲ. ಒಬ್ಬರು ನೋಡಲು ಬಂದಾಗ ಅವಳು ಅವರ ರಕ್ತದ ರಿಪೋರ್ಟ್ ಕೇಳಿದಳು. ಅವರು ಚಹಾ ಕೂಡ ಪೂರ್ತಿ ಕುಡಿಯದೆ ಎದ್ದು ಹೋದರು.

ರೋಗ ಬರುವ ಮೊದಲು ಹತ್ತೊಂಬತ್ತು ವರ್ಷ ಅವಳು ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುತ್ತಿದ್ದಳು. ಕೂತವರ ಹೆಸರನ್ನು ಮೂರು ಸಲ ಕೇಳುತ್ತಿದ್ದಳು. ಚೀಟಿ ಬರೆಯುವ ಮೊದಲು ಒಂದು ಸಲ, ಸೂಜಿ ಚುಚ್ಚುವ ಮೊದಲು ಒಂದು ಸಲ, ಬಾಟಲಿಗೆ ಚೀಟಿ ಅಂಟಿಸಿದ ಮೇಲೆ ಇನ್ನೊಂದು ಸಲ. 'ನಿಮ್ಮಕ್ಕನಿಗೆ ಕಿವಿ ಮಂದವಾ?' ಎಂದು ನನ್ನನ್ನು ಕೇಳಿದವರಿದ್ದಾರೆ. ಒಮ್ಮೆ ಎರಡು ಬಾಟಲಿಗಳ ಚೀಟಿ ಅದಲುಬದಲಾಗಿರಬಹುದು ಎಂದು ಅನುಮಾನ ಬಂದು, ಇಬ್ಬರ ಮನೆಗೂ ನಡೆದುಕೊಂಡು ಹೋಗಿ, ಇನ್ನೊಮ್ಮೆ ರಕ್ತ ಕೊಡಿ ಎಂದು ಕೇಳಿ, ಇಬ್ಬರಿಂದಲೂ ಬೈಸಿಕೊಂಡು ಬಂದಿದ್ದಳು. ಚೀಟಿ ಸರಿಯಾಗಿಯೇ ಇತ್ತು. ಅವಳಿಗೆ ಬೈಸಿಕೊಂಡದ್ದರ ಬಗ್ಗೆ ಬೇಜಾರಿರಲಿಲ್ಲ. ಸಮಾಧಾನದಿಂದ ಎರಡು ತಟ್ಟೆ ಊಟ ಮಾಡಿ ಮಲಗಿದಳು.

ನನ್ನ ಕಸುಬಿನ ಬಗ್ಗೆಯೂ ಒಂದು ಮಾತು ಹೇಳಬೇಕು. ನನ್ನ ಬಳಿ ಒಂದು ಅಳತೆ ಪುಸ್ತಕವಿದೆ. ಬಟ್ಟೆ ಕೊಡಲು ಬಂದವರ ಎದೆ, ಸೊಂಟ, ತೋಳು, ಕಾಲರು, ಕೊನೆಗೆ ಫೋನ್ ನಂಬರು, ಎಲ್ಲ ಅದರಲ್ಲಿದೆ. ಹೆಸರು ಮಾತ್ರ ಹಲವರದ್ದು ಇಲ್ಲ. ಹೆಸರು ಕೇಳಿದರೆ ನನಗೆ ಮೈ ನೆನಪಾಗುವುದಿಲ್ಲ, ಮೈ ನೋಡಿದರೆ ಹೆಸರು ನೆನಪಾಗುವುದಿಲ್ಲ. ಹಾಗಾಗಿ ಮೈಯಲ್ಲಿ ಎದ್ದು ಕಾಣುವುದನ್ನೇ ಹೆಸರಿನ ಜಾಗದಲ್ಲಿ ಬರೆದುಬಿಡುತ್ತೇನೆ. 'ಡ್ರಮ್ಮು', 'ಪೈಪು', 'ಹೊಟ್ಟೆ ಮುಂದೆ'. ನಮ್ಮ ಬೀದಿಯ ಶಾಲೆ ಮಾಸ್ತರರ ಬಲಭುಜ ಎಡಭುಜಕ್ಕಿಂತ ಒಂದು ಬೆರಳು ಕೆಳಗಿದೆ, ಪ್ಯಾಡ್ ಇಟ್ಟು ಹೊಲಿಯದಿದ್ದರೆ ಕೋಟು ಜಾರುತ್ತದೆ. ಅವರು ನನ್ನ ಪುಸ್ತಕದಲ್ಲಿ 'ಇಳಿಭುಜ'. ಈ ಹೆಸರುಗಳನ್ನು ನಾನು ಬಾಯಿಬಿಟ್ಟು ಯಾರ ಮುಂದೆಯೂ ಹೇಳಿದವನಲ್ಲ, ಹೇಳಿದರೆ ಗಿರಾಕಿ ಉಳಿಯುತ್ತಾರೆಯೇ? ಮೊದಲ ಪುಟದಲ್ಲಿರುವುದು ಅಮ್ಮನ ಅಳತೆ. ಅಂಗಡಿ ತೆರೆದ ದಿನ ಮೊದಲು ಹೊಲಿದದ್ದು ಅವಳ ರವಿಕೆ. ಅಲ್ಲಿ ಬರೆದಿರುವುದು ಬರೀ 'ಅಮ್ಮ', ಕೆಳಗೆ ಅವಳ ಫೋನ್ ನಂಬರು.

ಎರಡು ಬೀದಿ ಆಚೆ ಚಿಕ್ಕಮ್ಮ ಇದ್ದಳು, ಅಮ್ಮನ ಒಬ್ಬಳೇ ತಂಗಿ. ಮೂವತ್ತು ವರ್ಷ ಹತ್ತಿ ಗಿರಣಿಯಲ್ಲಿ ದುಡಿದು ಅವಳ ಶ್ವಾಸಕೋಶ ಅರ್ಧ ಹಾಳಾಗಿತ್ತು. ಈ ರೋಗ ತಗುಲಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಒಬ್ಬಳೇ ಇದ್ದಳು. ಕೈ ಮೇಲೆತ್ತಿದರೆ ಏದುಸಿರು ಬರುತ್ತಿದ್ದರಿಂದ ತಲೆ ಬಾಚಿಕೊಳ್ಳಲು ಆಗುತ್ತಿರಲಿಲ್ಲ, ವಾರಕ್ಕೆರಡು ಸಲ ಅಮ್ಮ ಹೋಗಿ ಬಾಚಿ ಜಡೆ ಹಾಕಿ ಬರುತ್ತಿದ್ದಳು. ರೋಗ ಶುರುವಾದ ಮೇಲೆ ಅಕ್ಕ ಕಟ್ಟಪ್ಪಣೆ ಮಾಡಿದಳು: 'ಟೆಸ್ಟ್ ಆಗದೆ ಯಾರೂ ಆ ಬಾಗಿಲು ದಾಟಬಾರದು. ನಾನೂ ಸೇರಿ.' ಚಿಕ್ಕಮ್ಮ ಒಳಗಿನಿಂದ ಚಿಲಕ ಹಾಕಿಕೊಂಡಳು. ಸಾಮಾನು ತಂದುಕೊಡುವ ಹೆಂಗಸು ಚೀಲವನ್ನು ಮೆಟ್ಟಿಲ ಮೇಲಿಟ್ಟು ಹೋಗುತ್ತಿದ್ದಳು.

ಅಮ್ಮ ಮಡಚುವ ಸ್ಟೂಲೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ದಿನಾ ಹೋಗಿ ಬೀದಿಯಲ್ಲಿ ಕೂರುತ್ತಿದ್ದಳು. ಚಿಕ್ಕಮ್ಮ ಕಿಟಕಿಯ ಒಳಗೆ. ಮಧ್ಯೆ ಐದಾರು ಹೆಜ್ಜೆ. ಇಬ್ಬರೂ ಕೂಗಿ ಮಾತಾಡುತ್ತಿದ್ದರಿಂದ ನಮ್ಮ ಮನೆಯ ಗುಟ್ಟೆಲ್ಲ ಆ ಬೀದಿಗೆ ಬಾಯಿಪಾಠವಾಯಿತು. ಐದು ತಿಂಗಳು ಹೀಗೇ ನಡೆಯಿತು. ಚಿಕ್ಕಮ್ಮನ ಕೂದಲು ಸಿಕ್ಕುಗಟ್ಟಿ ಗಂಟಾಗಿತ್ತು. 'ಒಂದೇ ಒಂದು ಸಲ ಟೆಸ್ಟ್ ಮಾಡಿಬಿಡೇ, ಹೋಗಿ ತಲೆ ಬಾಚಿ ಬರ್ತೀನಿ' ಎಂದು ಅಮ್ಮ ವಾರವಾರವೂ ಅಕ್ಕನನ್ನು ಪೀಡಿಸುತ್ತಿದ್ದಳು. 'ಕಿಟ್ಟು ಇರೋದು ಕಾಯಿಲೆ ಬಿದ್ದೋರಿಗಮ್ಮ, ಕೂದಲಿಗಲ್ಲ' ಎನ್ನುತ್ತಿದ್ದಳು ಅಕ್ಕ.

ಅಕ್ಕನನ್ನು ಆಗ ಲ್ಯಾಬಿನಿಂದ ತೆಗೆದು ಬೀದಿ ತಂಡಕ್ಕೆ ಹಾಕಿದ್ದರು. ಒಂದು ವ್ಯಾನು, ಅವಳು, ಕಂಪ್ಯೂಟರಿನಲ್ಲಿ ಹೆಸರು ಹೊಡೆಯುವ ಮೇಡಂ ಒಬ್ಬರು, ಮೇಲೊಬ್ಬ ಸೂಪರ್‌ವೈಸರ್. ಅವಳು ಕಡ್ಡಿಯನ್ನು ಮೂಗಿನೊಳಗೆ ಇಳಿಸಿ, ತಿರುಗಿಸಿ, ತೆಗೆದು, ನಳಿಕೆಯೊಳಗೆ ಅದ್ದಿ, ಗುರುತಿದ್ದ ಕಡೆ ಮುರಿದು ಮುಚ್ಚಳ ಬಿಗಿಯುತ್ತಿದ್ದಳು. ಮೊದಮೊದಲು ಜನ ಸಾಲುಗಟ್ಟಿ ನಿಂತರು. ಆಮೇಲೆ ಅನುಮಾನ ಶುರುವಾಯಿತು.

ಶುರುಮಾಡಿದವನು ಎದುರಿನ ಬೇಕರಿಯವನು. ಅವನ ಹೆಂಡತಿಗೆ ಅಕ್ಕ ಮಾಡಿದ ಟೆಸ್ಟಿನಲ್ಲಿ ಪಾಸಿಟಿವ್ ಬಂತು. ಮಾರನೇ ದಿನ ಅವನು ಬೇರೆ ಕಡೆ ಮಾಡಿಸಿದ, ನೆಗೆಟಿವ್. ಮೂರನೇ ಕಡೆ ಮಾಡಿಸಿದ, ಮತ್ತೆ ಪಾಸಿಟಿವ್. ಮೂರೂ ಕಾಗದಗಳನ್ನು ಬೇಕರಿಯ ಗಾಜಿಗೆ ಅಂಟಿಸಿ, 'ಯಾವುದು ಬೇಕೋ ಆರಿಸಿಕೊಳ್ಳಿ' ಎಂದು ಬರೆದ. ಕಿತ್ತಳೆ ರಸಕ್ಕೂ ಪಾಸಿಟಿವ್ ಬರುತ್ತದೆ ಎಂಬ ವಿಡಿಯೋ ಆಗಲೇ ಎಲ್ಲರ ಫೋನಿನಲ್ಲಿ ಓಡಾಡುತ್ತಿತ್ತು. ಬೇಕರಿಯವನು ಅದನ್ನು ಅಕ್ಕನಿಗೇ ತೋರಿಸಿದ. 'ನಿಮ್ಮ ಮೂಗಲ್ಲಿ ಕಿತ್ತಳೆ ರಸ ಸುರೀತಾ ಇದ್ರೆ ಬನ್ನಿ, ಅದಕ್ಕೆ ಬೇರೆ ಡಾಕ್ಟ್ರಿದಾರೆ' ಎಂದಳು ಅವಳು.

ಆದರೆ ಮನೆಯಲ್ಲಿ ನನಗೆ ಬಿಡಿಸಿ ಹೇಳಿದಳು. 'ಕಡ್ಡಿ ಒಳಗೆ ಸರಿಯಾಗಿ ಹೋಗ್ದೆ ಇದ್ರೆ ಸಿಗಲ್ಲ. ತುಂಬಾ ಬೇಗ ಮಾಡಿದ್ರೂ ಸಿಗಲ್ಲ. ಟೆಸ್ಟ್ ಸುಳ್ಳು ಹೇಳಲ್ಲ ಕಣೋ, ಅದಕ್ಕೆ ಕಾಣ್ದೇ ಇರಬಹುದು ಅಷ್ಟೆ. ಕಾಣ್ದೇ ಇರೋದು ಬೇರೆ, ಸುಳ್ಳು ಬೇರೆ.' ಈ ಮಾತನ್ನು ನಾನು ಎದೆಯಲ್ಲಿಟ್ಟುಕೊಂಡೆ. ಅಂಗಡಿಗೆ ಬಂದವರಿಗೆಲ್ಲ ನನ್ನದೇ ಮಾತೆಂಬಂತೆ ಹೇಳಿದೆ. ಟೆಸ್ಟೆಲ್ಲ ಬೋಗಸ್ ಎಂದ ಒಬ್ಬ ಗಿರಾಕಿಗೆ ಅರ್ಧ ಹೊಲಿದ ಪ್ಯಾಂಟನ್ನು ಹಾಗೇ ಸುತ್ತಿ ಕೊಟ್ಟು ಕಳಿಸಿದೆ. ಬೇಕರಿಯವನ ಹತ್ತಿರ ಕಾಲು ಕೆರೆದು ಜಗಳವಾಡಿದೆ. 'ನಮ್ಮಕ್ಕ ಒಂದು ಚೀಟಿಗೋಸ್ಕರ ಎರಡು ಮನೆ ಬಾಗಿಲಿಗೆ ಹೋದೋಳು. ಅವಳ ಕೈಯಲ್ಲಿ ಸುಳ್ಳು ಬರುತ್ತಾ?' ಎಂದು ಬೀದಿಯಲ್ಲಿ ನಿಂತು ಕಿರುಚಿದೆ. ಅಂದಿನಿಂದ ಅವನು ನನಗೆ ಬ್ರೆಡ್ ಕೊಡುವುದನ್ನು ನಿಲ್ಲಿಸಿದ. ಆರು ತಿಂಗಳು ಹಳೇ ಬಸ್ ನಿಲ್ದಾಣದವರೆಗೆ ನಡೆದು ಹೋಗಿ ಬ್ರೆಡ್ ತಂದವನು ನಾನು.

ಒಂದು ಭಾನುವಾರ ಅಕ್ಕ ಅಂಗಡಿಗೆ ಬಂದು, 'ನಿನ್ನ ಅಳತೆ ಪುಸ್ತಕ ಕೊಡು' ಎಂದಳು.

'ಯಾಕೆ, ಕೋಟು ಹೊಲಿಸ್ಕೋಬೇಕಾ?'

'ನಂಬರ್ ಬೇಕು. ಜನ ವ್ಯಾನ್ ಹತ್ರ ಬರ್ತಾ ಇಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ ಕರೀತೀನಿ.'

ನನಗೆ ಹೆಮ್ಮೆಯಾಯಿತು. ಅವಳು ಫೋನಿನಲ್ಲಿ ಪುಟಪುಟಕ್ಕೂ ಫೋಟೋ ತೆಗೆದಳು. ಫ್ಯಾನಿನ ಗಾಳಿಗೆ ಹಾಳೆ ಏಳದ ಹಾಗೆ ಎರಡೂ ಕಡೆ ಹಿಡಿದುಕೊಂಡವನು ನಾನೇ. 'ಡ್ರಮ್ಮು' ಎಂಬುದನ್ನು ಓದಿ ಅವಳು ಬಿದ್ದುಬಿದ್ದು ನಕ್ಕಳು. ಅವಳು ಹಾಗೆ ನಕ್ಕು ಎಷ್ಟೋ ತಿಂಗಳಾಗಿತ್ತು.

ಒಂದೆರಡು ವಾರದಲ್ಲಿ ಬೀದಿಯಲ್ಲಿ ಹೊಸ ಗಲಾಟೆ ಎದ್ದಿತು. ಮೂಗಿಗೆ ಕಡ್ಡಿ ಹಾಕಿಸಿಕೊಳ್ಳದವರಿಗೂ 'ನಿಮ್ಮ ಫಲಿತಾಂಶ ನೆಗೆಟಿವ್' ಎಂಬ ಮೆಸೇಜು ಬರತೊಡಗಿತು. ಇಸ್ತ್ರಿಯವನಿಗೆ ಬಂತು, ಬೇಕರಿಯವನಿಗೂ ಬಂತು. ಅವನಂತೂ ಫೋನನ್ನು ಮೇಲೆತ್ತಿ ಹಿಡಿದು ಹೋಗುವವರಿಗೆಲ್ಲ ತೋರಿಸಿದ. ನಾನು ಆಗಲೂ ಸೋಲಲಿಲ್ಲ. 'ಎಲ್ಲೋ ಮಾರ್ಕೆಟ್ಟಲ್ಲಿ ಕೊಟ್ಟು ಮರ್ತಿರ್ತೀಯ' ಎಂದು ಇಸ್ತ್ರಿಯವನ ಬಾಯಿ ಮುಚ್ಚಿಸಿದೆ. ಪಾಪ, ಅವನು ಸ್ವಲ್ಪ ಹೊತ್ತು ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡಿದ. ಅಕ್ಕನನ್ನು ಕೇಳಿದಾಗ, 'ಕಂಪ್ಯೂಟರ್ ತಪ್ಪು' ಎಂದಳು. ನನಗೆ ಅಷ್ಟು ಸಾಕಾಯಿತು.

ಆ ದಿನಗಳಲ್ಲೇ ಅಮ್ಮನಿಗೆ ಗಂಟಲು ಕೆರೆಯತೊಡಗಿತು. ಬೆಳಿಗ್ಗೆ ಕೆಲಸಕ್ಕೆ ಹೊರಟಿದ್ದ ಅಕ್ಕ ಚೀಲದಿಂದ ನಾಲಿಗೆ ಒತ್ತುವ ಮರದ ಕಡ್ಡಿ ತೆಗೆದು, 'ಬಾಯಿ ತೆಗಿ' ಎಂದು ಟಾರ್ಚ್ ಹಾಕಿ ನೋಡಿದಳು. ಅಮ್ಮನಿಗೆ ವಾಕರಿಕೆ ಬಂದು ಕಣ್ಣಲ್ಲಿ ನೀರು ಬಂತು. 'ಸ್ವಲ್ಪ ಕೆಂಪಿದೆ. ಎರಡು ದಿನ ಎಲ್ಲೂ ಹೋಗ್ಬೇಡ, ನೋಡೋಣ' ಎಂದು ಹೇಳಿ ಅಕ್ಕ ಓಡಿದಳು. ಅಮ್ಮ ಸೀದಾ ಅಂಗಡಿಗೆ ಬಂದು, ಬಹುಮಾನ ಬಂದವಳಂತೆ, 'ನಂಗೂ ಕಡ್ಡಿ ಹಾಕಿದ್ಳು ಕಣೋ' ಎಂದಳು. ನಾನು ಗುಂಡಿ ಹಚ್ಚುತ್ತಿದ್ದೆ. ಯಾವ ಕಡ್ಡಿ ಎಂದು ಕೇಳಲಿಲ್ಲ. ಅವಳ ಕಣ್ಣು ಮಂಜು, ಬಾಯೊಳಗೆ ಹೋದದ್ದು ಹತ್ತಿಯೋ ಮರವೋ ಅವಳಿಗೇನು ಗೊತ್ತು?

ಮೂರನೇ ದಿನ ಬೆಳಿಗ್ಗೆ ಹತ್ತಕ್ಕೆ ಮೆಸೇಜು ಬಂತು. ಓದಿಕೊಡು ಎಂದು ಅಮ್ಮ ಫೋನನ್ನು ನನ್ನ ಮೂಗಿಗೆ ಹಿಡಿದಳು. 'ಅಮ್ಮ ಅವರೇ, ನಿಮ್ಮ ಸ್ಯಾಂಪಲ್ ಪರೀಕ್ಷೆಯ ಫಲಿತಾಂಶ: ನೆಗೆಟಿವ್.'

'ಅಮ್ಮ ಅಂತಲೇ ಇದ್ಯಾ?'

'ಅಮ್ಮ ಅಂತಲೇ ಇದೆ.'

'ನೋಡಿದ್ಯಾ, ಆಫೀಸ್ ಮೆಸೇಜಲ್ಲೂ ಅಮ್ಮ ಅಂತ ಬರ್ದಿದಾಳೆ' ಎಂದು ಅವಳು ಆ ಎರಡು ಅಕ್ಷರವನ್ನು ಕಣ್ಣ ಹತ್ತಿರ ತಂದು ತಾನೇ ಓದಿಕೊಂಡಳು. ಗಂಟಲೂ ಆಗ ಸರಿಹೋಗಿತ್ತು, ಅಕ್ಕ ಹೇಳಿದ ಎರಡು ದಿನವೂ ಕಳೆದಿತ್ತು. ಬಾಚಣಿಗೆ, ಎಣ್ಣೆ ಬಾಟಲಿ ಚೀಲಕ್ಕೆ ಹಾಕಿಕೊಂಡು ಹೊರಟಳು. ಅಂದು ಸ್ಟೂಲು ತೆಗೆದುಕೊಂಡು ಹೋಗಲಿಲ್ಲ. ಹೋಗುವಾಗ ನಾನು ಕೈ ಬೀಸಿದೆ.

ಸಂಜೆ ಬಂದು ಅಕ್ಕನಿಗೆ ಎಲ್ಲ ಹೇಳಿದಳು: ಮೂರು ಗಂಟೆ ಬಾಚಿದ್ದು, ಬಿಡಿಸಲಾಗದ ಗಂಟನ್ನು ಕತ್ತರಿಸಿದ್ದು, ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡಿದ್ದು. ಅಕ್ಕ ಬೂಟು ಬಿಚ್ಚುತ್ತಿದ್ದವಳು ಹಾಗೇ ನಿಂತಳು. 'ಯಾವ ಮೆಸೇಜು?' ಎಂದಳು. ಫೋನು ತೆಗೆದುಕೊಂಡು ಓದಿದಳು. ಬಚ್ಚಲುಮನೆಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು. ಹೊರಗೆ ಬಂದವಳೇ ಚೀಲದಿಂದ ಹತ್ತಿಯ ಕಡ್ಡಿ ತೆಗೆದು ಅಮ್ಮನ ಮೂಗಿಗೆ ಹಾಕಿದಳು.

'ಮತ್ತೆ ಯಾಕೆ? ಆಯ್ತಲ್ಲ?'

'ಎರಡು ಸಲ ಮಾಡ್ಬೇಕು. ರೂಲ್ಸು. ಫಲಿತಾಂಶ ಬರೋತನಕ ರೂಮ್ ಬಿಟ್ಟು ಬರ್ಬೇಡ.'

ಮಾರನೇ ಬೆಳಿಗ್ಗೆಯಿಂದ ಅಕ್ಕ ದಿನಾ ಚಿಕ್ಕಮ್ಮನ ಕಿಟಕಿಗೆ ಹೋಗಿ, ಬೆರಳಿಗೆ ಹಾಕುವ ಯಂತ್ರ ಕೊಟ್ಟು ಆಮ್ಲಜನಕ ನೋಡುತ್ತಿದ್ದಳು. ಎಂಥ ಕಾಳಜಿ ಎಂದು ನಾನು ಮೆಚ್ಚಿಕೊಂಡೆ. ಐದನೇ ದಿನ ಚಿಕ್ಕಮ್ಮನಿಗೆ ಜ್ವರ ಬಂತು, ಏಳನೇ ದಿನ ಆಸ್ಪತ್ರೆಗೆ ಸೇರಿಸಿದೆವು, ಹದಿಮೂರನೇ ದಿನ ಹೋದಳು. ನಮಗೆ ಮುಖ ತೋರಿಸಲಿಲ್ಲ. ಅಮ್ಮನ ಎರಡನೇ ಕಡ್ಡಿಯ ಫಲಿತಾಂಶ ಮೆಸೇಜಾಗಿ ಬರಲೇ ಇಲ್ಲ. ಕೇಳಿದರೆ ಅಕ್ಕ, 'ಚಿಕ್ಕಮ್ಮನ ಹತ್ರ ಕೂತಿದ್ಯಲ್ಲ, ಅವಳಿಂದ ನಿಂಗೂ ಬಂದಿರಬಹುದು, ಹದಿನೈದು ದಿನ ಒಳಗೇ ಇರು' ಎಂದಳು. ಯಾರಿಂದ ಯಾರಿಗೆ ಬಂತು ಎನ್ನುವ ಬಾಣವನ್ನೇ ತಿರುಗಿಸಿ ಇಟ್ಟಳು ನನ್ನ ಅಕ್ಕ. ನಾವು ತಲೆಯಾಡಿಸಿದೆವು.

ಅಮ್ಮ ದುಃಖದಲ್ಲೂ ಒಂದನ್ನು ಬಿಗಿಯಾಗಿ ಹಿಡಿದಿದ್ದಳು. 'ನನ್ನಿಂದ ಬಂದಿದ್ದಲ್ಲ. ನಂದು ನೆಗೆಟಿವ್' ಎಂದು ಬಂದವರಿಗೆಲ್ಲ ಮೆಸೇಜು ತೋರಿಸುತ್ತಿದ್ದಳು. ಹಾಗಾದರೆ ಯಾರಿಂದ ಬಂತು? ಸಾಮಾನು ತಂದುಕೊಡುವ ಹೆಂಗಸಿನಿಂದಲೇ ಎಂದು ತೀರ್ಮಾನವಾಯಿತು. ಆ ಹೆಂಗಸು ಒಂದು ದಿನ ಅಂಗಡಿ ಮುಂದೆ ಹೋಗುತ್ತಿದ್ದಾಗ ಅಮ್ಮ ಹೊರಗೆ ಬಂದು ಬಾಯಿಗೆ ಬಂದಂತೆ ಬೈದಳು. ನಾನೂ ಎರಡು ಸೇರಿಸಿದೆ. ಅವಳು ಚೀಲ ಕೆಳಗಿಟ್ಟು, 'ನಾನು ಬಾಗಿಲನ್ನೇ ಮುಟ್ಟಿಲ್ಲಮ್ಮ' ಎಂದು ಅತ್ತಳು. ಅದಾದ ಮೇಲೆ ನಮ್ಮ ಬೀದಿಯಲ್ಲಿ ಯಾರೂ ಅವಳಿಂದ ಸಾಮಾನು ತರಿಸಲಿಲ್ಲ.

ಚಿಕ್ಕಮ್ಮ ಹೋಗಿ ಮೂರು ವಾರವಾಗಿತ್ತು. ಮಧ್ಯಾಹ್ನ ಶಾಲೆ ಮಾಸ್ತರರು ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದರು. ಮುಖದಲ್ಲಿ ನಗು ತಡೆಯಲಾಗುತ್ತಿರಲಿಲ್ಲ.

'ಟೇಲರ್ರೇ, ನೀವು ನಿಮ್ಮಕ್ಕನ ಪರ ವಕೀಲರು. ಇದಕ್ಕೇನಂತೀರಾ? ನಾನು ಟೆಸ್ಟ್ ಮಾಡಿಸಿಲ್ಲ, ತಿಂಗಳ ಹಿಂದೇನೇ ಮೆಸೇಜ್ ಬಂದಿದೆ, ಇವತ್ತು ಕಣ್ಣಿಗೆ ಬಿತ್ತು. ಅದೂ ಹಾಳಾಗಿ ಹೋಗ್ಲಿ, ಹೆಸರು ನೋಡಿ. ಯಾರ್ರೀ ಇವನು? ನನ್ನ ಹೆಂಡ್ತಿ ಬೆಳಿಗ್ಗೆಯಿಂದ ಹಾಗೇ ಕರೀತಿದಾಳೆ.'

ಫೋನು ತೆಗೆದುಕೊಂಡು ನೋಡಿದೆ. 'ಇಳಿಭುಜ ಅವರೇ, ನಿಮ್ಮ ಸ್ಯಾಂಪಲ್ ಪರೀಕ್ಷೆಯ ಫಲಿತಾಂಶ: ನೆಗೆಟಿವ್.'

ಆ ಹೆಸರು ಜಗತ್ತಿನಲ್ಲಿ ಒಂದೇ ಕಡೆ ಇತ್ತು. ನನ್ನ ಮೇಜಿನ ಖಾನೆಯಲ್ಲಿ, ನಲವತ್ತೊಂದನೇ ಪುಟದಲ್ಲಿ, ನನ್ನ ಕೈಬರಹದಲ್ಲಿ. ಮಾಸ್ತರರು ಕನ್ನಡಿಯ ಮುಂದೆ ನಿಂತು ಪ್ಯಾಂಟು ಹಿಡಿದು ನೋಡಿಕೊಳ್ಳುತ್ತಿದ್ದರು, ಬಲಭುಜ ಕೆಳಗೆ ಜಾರಿತ್ತು. 'ಎಷ್ಟು ಮಡಚಬೇಕು ಸಾರ್?' ಎಂದು ಕೇಳಿದೆ. ಅವರು ಹೋದ ಮೇಲೆ ಪುಸ್ತಕ ತೆಗೆದೆ. ಇಸ್ತ್ರಿಯವನು ಮೂವತ್ತೆಂಟನೇ ಪುಟ. ಬೇಕರಿಯವನು ಮೂವತ್ತೊಂಬತ್ತು, ಜಗಳಕ್ಕೆ ಮೊದಲು ಹೊಲಿಸಿದ್ದು. ದಿನಾ ನೋಡುವ ಈ ಇಬ್ಬರಿಗೆ ಮಾತ್ರ ಸರಿಯಾದ ಹೆಸರನ್ನೇ ಬರೆದಿದ್ದೆ. ಪುಟ ಹಿಂದೆ ಹಿಂದೆ ತಿರುಗಿಸುತ್ತಾ ಹೋಗಿ ಮೊದಲ ಪುಟಕ್ಕೆ ಬಂದು ನಿಂತೆ.

ಅಂದು ಅಕ್ಕನಿಗೆ ರಜೆ. ಒಳಗೆ ಬಟ್ಟೆ ಮಡಚುತ್ತಿದ್ದಳು. ಕರೆದು, ಅಂಗಡಿಯ ಬಾಗಿಲು ಮುಂದೆ ಮಾಡಿ, ಮೊದಲ ಪುಟವನ್ನು ಅವಳ ಮುಂದಿಟ್ಟೆ. 'ಇಳಿಭುಜನಿಗೆ ನೆಗೆಟಿವ್ ಬಂದಿದೆ' ಎಂದೆ.

ಅವಳು ಕುಳಿತುಕೊಂಡಳು. ಸುಳ್ಳು ಹೇಳಲು ನೋಡಲಿಲ್ಲ, ಅದೊಂದು ಮರ್ಯಾದೆ ಉಳಿಸಿಕೊಂಡಳು.

'ಫೋನ್ ಮಾಡೋಕೇ ತಗೊಂಡಿದ್ದು, ಅದು ನಿಜ. ಮೂವತ್ತು ಜನಕ್ಕೆ ಮಾಡ್ದೆ. ಇಪ್ಪತ್ತೆಂಟು ಜನ ಬೈದ್ರು. ದಿನಕ್ಕೆ ನೂರೈವತ್ತು ಆಗ್ಲೇಬೇಕಿತ್ತು, ವ್ಯಾನಿಗೆ ಬರ್ತಿದ್ದವರು ನಲವತ್ತು. ಸೂಪರ್‌ವೈಸರ್ ಹೇಳಿದ್ರು, ಬೇರೆ ತಂಡದವರೆಲ್ಲ ಹೇಗೆ ಮಾಡ್ತಿದಾರೆ ಅಂದ್ಕೊಂಡಿದೀಯ, ಹೆಸರು ನಂಬರ್ ಇದ್ರೆ ಸಾಕು ಅಂತ. ಫೋಟೋಗಳನ್ನ ಟೈಪ್ ಮಾಡೋ ಮೇಡಂಗೆ ಕಳಿಸ್ದೆ.'

'ಅಷ್ಟು ನಳಿಕೆಗಳಿಗೆ ಖಾಲಿ ಕಡ್ಡಿ ಮುರಿದು ಹಾಕಿದ್ದು ಯಾರು?'

'ನಾನೇ.'

'ನನ್ನ ಪುಸ್ತಕ, ನನ್ನ ಗಿರಾಕಿಗಳು! ನಿನಗೋಸ್ಕರ ಅರ್ಧ ಬೀದಿ ಹತ್ರ ಮಾತು ಬಿಟ್ಟಿದೀನಿ ನಾನು. ಸುಳ್ಳು ಬೇರೆ, ಕಾಣ್ದೇ ಇರೋದು ಬೇರೆ ಅಂತ ನೀನು ಕಲಿಸಿದ್ದನ್ನ ಗಿಳಿ ಥರ ಒಪ್ಪಿಸಿದೀನಲ್ಲೇ!'

'ಯಾರಿಗೂ ತೊಂದ್ರೆ ಆಗಲ್ಲ ಅಂದ್ಕೊಂಡೆ. ಟೆಸ್ಟೇ ಮಾಡಿಸ್ದೇ ಇರೋರು ನೆಗೆಟಿವ್ ಅಂತ ಬಂದ್ರೆ ನಗ್ತಾರೆ, ಬೈತಾರೆ, ಸುಮ್ಮನಾಗ್ತಾರೆ. ನಂಬೋದು ಯಾರು?'

'ಅಮ್ಮ ನಂಬಿದ್ಳು.'

'ಮೊದಲನೇ ಪುಟ ನಾನು ನೋಡ್ಲಿಲ್ಲ ಕಣೋ. ಎಲ್ಲ ಒಟ್ಟಿಗೆ ಕಳಿಸ್ಬಿಟ್ಟೆ.'

ಹೆಸರನ್ನು ಮೂರು ಸಲ ಕೇಳುತ್ತಿದ್ದವಳು, ಒಂದು ಸಲವೂ ಓದದೆ ಕಳಿಸಿದ್ದಳು. 'ಎರಡನೇ ಕಡ್ಡಿ?' ಎಂದು ಕೇಳಿದೆ. ಉತ್ತರ ಗೊತ್ತಿದ್ದೂ ಕೇಳಿದೆ.

'ಪಾಸಿಟಿವ್.'

ನನಗೆ ಅವಳ ಕೆನ್ನೆಗೆ ಹೊಡೆಯಬೇಕೆನ್ನಿಸಿತು. ಹೊಡೆಯಲಿಲ್ಲ. ನಂಬಿಸಿ ಕತ್ತು ಕೊಯ್ದಳು ಎಂದು ಜನ ಸುಲಭವಾಗಿ ಹೇಳುತ್ತಾರೆ, ಆದರೆ ಅದು ಮೈಗೆ ತಾಗಿದಾಗ ಸಿಟ್ಟಿಗಿಂತ ಮೊದಲು ನಾಚಿಕೆಯಾಗುತ್ತದೆ. ಹಾಳೆ ಹಿಡಿದುಕೊಂಡಿದ್ದು ನಾನಲ್ಲವೇ? ಮೆಸೇಜು ಓದಿಕೊಟ್ಟದ್ದು ನಾನಲ್ಲವೇ? ಕೈ ಬೀಸಿ ಕಳಿಸಿದ್ದೂ ನಾನೇ. ಬೇಕರಿಯವನು ಹೇಳಿದ್ದು ಅರ್ಧ ಸುಳ್ಳು, ಅವನ ಹೆಂಡತಿಗೆ ರೋಗ ನಿಜವಾಗಿಯೂ ಇತ್ತು. ಆದರೆ ಇನ್ನು ಮುಂದೆ ಅದನ್ನು ಯಾವ ಬಾಯಲ್ಲಿ ಹೇಳಲಿ? ಅಕ್ಕ ಮಾಡಿದ ನಿಜವಾದ ಟೆಸ್ಟುಗಳನ್ನೂ ಅಕ್ಕನೇ ಹಾಳುಮಾಡಿದ್ದಳು.

'ಅಮ್ಮಂಗೆ ನೀನು ಹೇಳ್ತೀಯಾ, ನಾನು ಹೇಳ್ಲಾ?' ಎಂದೆ.

ಅವಳು ನನ್ನ ಕೈ ಹಿಡಿದುಕೊಂಡಳು. 'ಬೇಡ. ಅಮ್ಮ ನಿಂತಿರೋದೇ ಆ ಮೆಸೇಜ್ ಮೇಲೆ. ಆಫೀಸಲ್ಲಿ ನಾನೇ ಒಪ್ಕೊಳ್ತೀನಿ, ಕೆಲಸ ಬಿಡ್ತೀನಿ. ಅವಳಿಗೆ ಮಾತ್ರ ಬೇಡ.'

ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ನನಗೂ ಬೇಡ ಎನ್ನಿಸಿತು. ಎಪ್ಪತ್ತೊಂದು ವರ್ಷದವಳು. ತಂಗಿಯನ್ನು ಕಳೆದುಕೊಂಡವಳು. ಗೊತ್ತಾಗಿ ಮಾಡುವುದಾದರೂ ಏನಿದೆ? ಅಷ್ಟರಲ್ಲಿ ಅಮ್ಮನೇ ಒಳಗಿನಿಂದ ಬಂದಳು. ಬಾಗಿಲು ಯಾಕೆ ಮುಂದೆ ಮಾಡಿದ್ದೀರಿ ಎಂದು ಕೇಳಿ, ಉತ್ತರಕ್ಕೆ ಕಾಯದೆ, 'ಆ ಸಾಮಾನಿನವಳು ಇವತ್ತು ಮೂಲೆ ಮನೆಗೆ ಬಂದಿದ್ಳಂತೆ. ಅವರಿಗೆ ಹೋಗಿ ಹೇಳಿ ಬಾ, ಒಂದು ಜೀವ ತೆಗೆದಿರೋ ಕೈ ಅದು ಅಂತ' ಎಂದು ನನ್ನನ್ನು ಕಳಿಸಲು ನಿಂತಳು.

ಅಕ್ಕ ನನ್ನನ್ನು ನೋಡಿದಳು. ನಾನು ಅಲ್ಲಾಡಲಿಲ್ಲ. ಅವಳು ಎದ್ದು, ಅಮ್ಮನನ್ನು ಮಷಿನ್ನಿನ ಮುಂದಿನ ಕುರ್ಚಿಯಲ್ಲಿ ಕೂರಿಸಿ, ತಾನು ನೆಲದ ಮೇಲೆ ಬಟ್ಟೆ ತುಂಡುಗಳ ಮಧ್ಯೆ ಕೂತು, ಹೇಳಿದಳು. ಹಿಂದೆ ಹೇಳುತ್ತಿದ್ದ ಹಾಗೇ ಕಡ್ಡಿ ಮುರಿದಂತೆ ಹೇಳಿದಳು: ಅವತ್ತು ಹಾಕಿದ್ದು ಗಂಟಲು ನೋಡುವ ಕಡ್ಡಿ. ಟೆಸ್ಟ್ ಮಾಡಿರಲಿಲ್ಲ. ಮೆಸೇಜು ಸುಳ್ಳು. ಸಂಜೆ ಮಾಡಿದ್ದು ನಿಜವಾದ ಟೆಸ್ಟು, ಅದರಲ್ಲಿ ಪಾಸಿಟಿವ್. ಚಿಕ್ಕಮ್ಮನಿಂದ ನಿನಗೆ ಬಂದದ್ದಲ್ಲ.

ಅಮ್ಮ ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೆರಗಿನಂಚಿಗೆ ಅಂಟಿದ್ದ ದಾರದ ತುಂಡೊಂದನ್ನು ತೆಗೆದಳು.

'ಅಮ್ಮ ಅಂತ ಬರ್ದಿದ್ದು ನೀನಲ್ವಾ?' ಎಂದು ಕೇಳಿದಳು.

'ಅಲ್ಲಮ್ಮ. ಟೈಪ್ ಮಾಡೋ ಮೇಡಂ. ಇವನ ಪುಸ್ತಕದಲ್ಲಿ ಹಾಗಿತ್ತು, ಹಾಗೇ ಹೊಡೆದಿದಾರೆ.'

'ಯಾರವರು?'

'ನಿಂಗೆ ಗೊತ್ತಿಲ್ಲ.'

ಅಮ್ಮ ನನ್ನ ಕಡೆ ತಿರುಗಿದಳು. ಅಕ್ಕನ ಮುಖ ನೋಡಿ ಆಡಲಾಗದ ಮಾತನ್ನು ನನಗೆ ಹೇಳಿದಳು.

'ನಿಮ್ಮ ಚಿಕ್ಕಮ್ಮ ಚಿಲಕ ತೆಗೀಲಿಲ್ಲ ಕಣೋ ಅವತ್ತು. ಬೇಡ ಅಕ್ಕಾ, ಟೆಸ್ಟ್ ಆಗ್ದೆ ತೆಗೀಬಾರ್ದು ಅಂತ ಹುಡುಗಿ ಹೇಳಿದಾಳೆ, ನಂಗೆ ಭಯ ಅಂದ್ಳು. ನಾನೇ ಕಿಟಕಿ ಹತ್ರ ಹೋಗಿ ಫೋನ್ ಹಿಡಿದು ತೋರಿಸ್ದೆ. ಓದಿದ್ರೂ ನಂಬಲಿಲ್ಲ. ನೋಡೇ, ಅಮ್ಮ ಅಂತ ಬರ್ದಿದೆ, ಮಗಳಲ್ದೆ ಇನ್ಯಾರು ಹಾಗೆ ಬರೀತಾರೆ ಅಂದೆ. ಆಮೇಲೆ ತೆಗೆದ್ಳು.'